ಎರಡನೇ ಹೊಲಿಗೆ

ಮೀಸೆ ಮೇಷ್ಟ್ರು ಪ್ಯಾಂಟನ್ನು ಮೇಜಿನ ಮೇಲೆ ಹರವಿ, ಎರಡೂ ಜೇಬುಗಳನ್ನು ಮೊಲದ ಕಿವಿಯ ಹಾಗೆ ಹೊರಗೆಳೆದರು.

"ಇದೇನಮ್ಮಾ ಇದು? ಎಲ್ಲಿ ನನ್ನ ಎರಡನೇ ಹೊಲಿಗೆ?"

ಟೈಲರಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ನಿಜ, ಶನಿವಾರದ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. "ನೀವು ಕೇಳಿದ್ದು ಸೊಂಟ ಬಿಡಿಸೋಕೆ. ಬಿಡಿಸಿದೀನಲ್ಲ ಮೇಷ್ಟ್ರೇ."

"ಕೇಳೋದ್ಯಾಕೆ? ಹೊರಗೆ ಬೋರ್ಡೇ ಹಾಕಿದೀರಲ್ಲ, 'ಜೇಬಿಗೆ ಎರಡನೇ ಹೊಲಿಗೆ ಉಚಿತ' ಅಂತ. ಊರಿಗೆಲ್ಲಾ ಹಾಕಿ ನನಗೊಬ್ಬನಿಗೆ ಮೋಸಾನಾ?"

ಅವಳಿಗೆ ನಗು ಬಂತು, ಹಿಂದೆಯೇ ಏನೋ ಚುಚ್ಚಿತು. ಆರು ವರ್ಷದಿಂದ ಈ ಮನುಷ್ಯನ ಒಂದು ಪ್ಯಾಂಟನ್ನೂ ಬಿಡದೆ ಜೇಬು ಭದ್ರ ಮಾಡಿ ಕಳಿಸಿದ್ದಳು. ಒಂದು ದಿನವೂ ಜೇಬು ತಿರುಗಿಸಿ ನೋಡಿದವರಲ್ಲ. ಪ್ಯಾಂಟನ್ನು ಮೆಷಿನ್ನಿಗೆ ಕೊಡಲು ಬಗ್ಗಿದಾಗ ಅವಳ ಏಪ್ರನ್ನಿನ ಜೇಬಿನ ತೂತಿನಿಂದ ಸೀಮೆಸುಣ್ಣ ಜಾರಿ ಟಕ್ಕೆಂದು ನೆಲಕ್ಕೆ ಬಿತ್ತು.

"ಚೆನ್ನಾಗಿದೆ! ಊರಿನ ಜೇಬೆಲ್ಲ ಗಟ್ಟಿ, ನಿಮ್ಮ ಜೇಬೇ ತೂತು," ಎಂದರು ಮೇಷ್ಟ್ರು. ಹೊಲಿಗೆ ಮುಗಿದ ಮೇಲೆ ಎರಡೆರಡು ಸಲ ಎಳೆದು ಪರೀಕ್ಷಿಸಿ, ತಮ್ಮದನ್ನು ತಾವು ವಸೂಲು ಮಾಡಿಕೊಂಡವರ ಗತ್ತಿನಲ್ಲಿ ಹೊರಟುಹೋದರು.

ಮೂವತ್ತು ವರ್ಷ ಯಾರಿಗೂ ಗೊತ್ತಿಲ್ಲದೆ ನಡೆದಿದ್ದ ಕೆಲಸ ಅದು. ಅಂಚು ಮಡಚಲಿ, ಗುಂಡಿ ಹಚ್ಚಲಿ, ಅಂಗಡಿಗೆ ಬಂದ ಬಟ್ಟೆಯ ಜೇಬಿಗೆ ಇನ್ನೊಂದು ಹೊಲಿಗೆ ಹಾಕಿಯೇ ಕಳಿಸುತ್ತಿದ್ದಳು. ಎಲ್ಲೋ ಯಾರದೋ ಮನೆಯ ಬೀಗದ ಕೈ ಬೀದಿಗೆ ಬೀಳದೆ ಉಳಿಯಿತು ಎಂದುಕೊಂಡರೆ ಸಾಕು, ಪೆಡಲು ತುಳಿಯುವ ಕಾಲು ಹಗುರಾಗುತ್ತಿತ್ತು. ತಪ್ಪು ಅವಳದೇ. ಮಾತಿನ ಭರದಲ್ಲಿ ಸೊಸೆಗೆ ಹೇಳಿಬಿಟ್ಟಿದ್ದಳು. ಅತ್ತೆಯೆಂದರೆ ಸೊಸೆಗೆ ಅಕ್ಕರೆ. ಮರುದಿನವೇ ಬೋರ್ಡು ಬಂದಿತ್ತು.

"ಯಾಕತ್ತೆ ಮುಖ ಸಪ್ಪಗೆ?" ಸೊಸೆ ಎಡಗೈಯ ಕತ್ತರಿ ಕೆಳಗಿಟ್ಟಳು. "ಬೋರ್ಡು ಹಾಕಿದ ಮೇಲೆ ಜನ ಎಷ್ಟು ಹೊಗಳ್ತಾರೆ ನೋಡಿ."

"ಹೊಗಳ್ತಾರೆ ಕಣೇ. ಮೊದಲು ಕೊಡ್ತಿದ್ದೆ. ಈಗ ಲೆಕ್ಕ ಒಪ್ಪಿಸ್ತಿದೀನಿ."

"ಅದೇ ಹೊಲಿಗೆ, ಅದೇ ದಾರ ಅಲ್ವಾ?"

"ಅದೇ ದಾರ. ಆದ್ರೆ ನನಗೆ ಅಂತ ಇದ್ದದ್ದು ಅದೊಂದೇ ಗುಟ್ಟಾಗಿತ್ತು."

ಸೊಸೆ ಬಾಗಿಲಾಚೆಯ ಬೋರ್ಡಿನತ್ತ ನೋಡಿದಳು. "ಬೋರ್ಡು ತೆಗೆದುಬಿಡ್ಲಾ?"

"ಬೇಡ ಮಾರಾಯ್ತಿ, ಮೇಷ್ಟ್ರು ಕೋರ್ಟಿಗೆ ಹೋಗ್ತಾರೆ!" ಇಬ್ಬರೂ ನಕ್ಕರು.

ಬೋರ್ಡು ಅಲ್ಲೇ ಉಳಿಯಿತು. ಆದರೆ ಮುಂದಿನ ವಾರದಿಂದ ಟೈಲರಮ್ಮನ ಕಾಲು ಮತ್ತೆ ಹಗುರಾಯಿತು. ರಿಪೇರಿಗೆ ಬಂದ ಅಂಗಿಗಳಲ್ಲಿ ಸಡಿಲವಾದ ಗುಂಡಿ ಕಂಡರೆ, ಅದರ ಬುಡಕ್ಕೆ ನಾಲ್ಕು ಸುತ್ತು ದಾರ ಬಿಗಿದು ಮಡಚಿಡತೊಡಗಿದಳು. ಸೊಸೆ ತಲೆಯೆತ್ತಿದರೆ ಸೂಜಿಗೆ ದಾರ ಪೋಣಿಸುವವಳ ಹಾಗೆ ನಟಿಸುತ್ತಿದ್ದಳು. ಸೊಸೆಯೂ ಏನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಮೊಳೆಗೆ ನೇತುಹಾಕಿದ್ದ ಏಪ್ರನ್ ಕಟ್ಟಿಕೊಂಡು ಸೀಮೆಸುಣ್ಣವನ್ನು ಜೇಬಿಗೆ ಹಾಕಿದಳು. ಅಭ್ಯಾಸಬಲದಿಂದ ಹೆಕ್ಕಲು ಬಗ್ಗಿದಳು. ಟಕ್ಕೆನ್ನಲಿಲ್ಲ. ಜೇಬು ತಿರುಗಿಸಿ ನೋಡಿದರೆ, ವರ್ಷದಿಂದ ಬಾಯಿ ತೆರೆದಿದ್ದ ತೂತು ಮುಚ್ಚಿತ್ತು. ಒತ್ತೊತ್ತಾಗಿ ಹಾಕಿದ ಕೈಹೊಲಿಗೆ. ಅವಳ ಹೊಲಿಗೆ ವಾಲುವ ಕಡೆಗಲ್ಲ, ಎಲ್ಲವೂ ಇನ್ನೊಂದು ಕಡೆಗೆ ವಾಲಿದ್ದವು. ಅಂಗಡಿಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ.

ಆ ಒಬ್ಬಳು ತಲೆ ತಗ್ಗಿಸಿ, ಎಂದೂ ಇಲ್ಲದ ಶ್ರದ್ಧೆಯಿಂದ ಬಟ್ಟೆ ಕತ್ತರಿಸುತ್ತಿದ್ದಳು.

ಮಾತು ತುಟಿಯವರೆಗೆ ಬಂತು. ಟೈಲರಮ್ಮ ನುಂಗಿಕೊಂಡಳು.

"ಲೇ ಎಡಚಿ, ಆ ನೀಲಿ ಅಂಗಿ ಎಲ್ಲಿಟ್ಟೆ?"

"ನಿಮ್ಮ ಮೂಗಿನ ಕೆಳಗೇ ಇದೆಯಲ್ಲ ಅತ್ತೆ."

ಆ ಇಡೀ ದಿನ ಟೈಲರಮ್ಮ ಬೇಕಿದ್ದರೂ ಬೇಡದಿದ್ದರೂ ಜೇಬಿಗೆ ಕೈಹಾಕಿ, ಸೀಮೆಸುಣ್ಣ ಅಲ್ಲೇ ಇದೆಯೇ ಎಂದು ಮುಟ್ಟಿಮುಟ್ಟಿ ನೋಡುತ್ತಲೇ ಇದ್ದಳು.