ಅಳಿಯನ ಧ್ವನಿಪರೀಕ್ಷೆ

“ಇಲ್ಲ ಅಳಿಯಂದ್ರೇ, ಈಗಲೂ ಏನೂ ಕೇಳಿಸ್ತಿಲ್ಲ,” ಎಂದರು ಮಾವ ಫೋನಿನಲ್ಲಿ. ದನಿಯಲ್ಲಿ ಬೇಸರಕ್ಕಿಂತ ಖುಷಿಯೇ ಹೆಚ್ಚಿತ್ತು.

ಅಳಿಯ ಹಲ್ಲು ಕಚ್ಚಿದ. ಮಾವನ ಹಳೇ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿಕೊಟ್ಟವನು ಅವನೇ. ಇನ್ನು ಜನ್ಮದಲ್ಲಿ ತೊಂದರೆ ಬರುವುದಿಲ್ಲವೆಂದು ಹೆಂಡತಿಯ ಮನೆಯವರ ಮುಂದೆ ಜಂಬ ಕೊಚ್ಚಿದವನೂ ಅವನೇ.

ಕಚೇರಿಯ ಕಂಪ್ಯೂಟರುಗಳೆಲ್ಲ ಅವನ ಉಸ್ತುವಾರಿ. ಮೌಸ್ ಮುಟ್ಟುವುದು ಕೈಲಾಗದವರ ಕೆಲಸವೆಂದು ಅವನ ಅಭಿಪ್ರಾಯ. ಯಾವ ಕಂಪ್ಯೂಟರ್ ಎಲ್ಲೇ ಇರಲಿ, ಮನೆಯಲ್ಲಿ ಬನಿಯನ್ ಹಾಕಿಕೊಂಡು ಕೂತು, ಕಪ್ಪು ಕಿಟಕಿಯೊಂದರಲ್ಲಿ ಆಜ್ಞೆ ಬರೆದು ಅದನ್ನು ಕುಣಿಸುತ್ತಿದ್ದ. ಬೆಳಿಗ್ಗೆ ಹಾಗೆಯೇ ಸಭಾಂಗಣದ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದ. ಸಭೆಯ ನಡುವೆ ಟಿಂಗ್ ಎಂದರೆ ನಿರ್ದೇಶಕರಿಗೆ ಆಗದು. ಇವತ್ತಿನ ಸಭೆಯಲ್ಲೇ ಅವನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಬೇಕೋ ಬೇಡವೋ ಎಂಬ ತೀರ್ಮಾನ. ಅಂಥ ದಿನವೇ ಮಾವನಿಗೆ ಹಾಡು ಕೇಳುವ ಚಪಲ.

ಪರದೆಯ ಮೇಲೆ ಬೆಳಗಿನಿಂದ ತೆರೆದ ಕಪ್ಪು ಕಿಟಕಿಗಳ ಸಂತೆ. ಯಾವುದು ಯಾವ ಕಂಪ್ಯೂಟರಿನದೆಂದು ಗುರುತು ಹಾಕಿಕೊಳ್ಳುವುದು ಹೊಸಬರ ಅಭ್ಯಾಸ, ಅವನು ಹೊಸಬನಲ್ಲ. ಕೈಗೆ ಸಿಕ್ಕ ಕಿಟಕಿಯಲ್ಲಿ ಸೌಂಡ್ ಏರಿಸಿ ಇಳಿಸುವ ಮಿಕ್ಸರ್ ತೆರೆದ. ಸಾಲುಸಾಲು ಹಸಿರು ಕಂಬಗಳು ಎದ್ದು ನಿಂತವು. ಮಾವನ ಡಬ್ಬಕ್ಕೆ ಇಷ್ಟೊಂದು ಕಂಬಗಳೇ ಎಂದು ಒಂದು ಗಳಿಗೆ ಅನ್ನಿಸಿತು. ಮುಖ್ಯ ಕಂಬದ ಬುಡದಲ್ಲಿ ಮ್ಯೂಟ್ ಗುರುತು.

“ಮಾವ, ನೀವೇ ಏನೋ ಒತ್ತಿ ಸೌಂಡ್ ನಿಲ್ಲಿಸಿದ್ದೀರಿ.”

“ನಾನು ಮುಟ್ಟೇ ಇಲ್ಲ.”

“ಎಲ್ಲರೂ ಹಾಗೇ ಹೇಳೋದು.”

ಮ್ಯೂಟ್ ತೆಗೆದ. ಕಂಬಗಳನ್ನೆಲ್ಲ ತುದಿಯವರೆಗೆ ಏರಿಸಿದ. ಮತ್ತೆ ಕೆಡದಂತೆ ಉಳಿಸಿಟ್ಟ.

“ಈಗ?”

“ಊಹೂಂ. ಅಂದಹಾಗೆ, ಪ್ರಮೋಷನ್ ಏನಾಯ್ತು? ನಿಮ್ಮ ಸಾಹೇಬರು ಈ ಸಲವಾದ್ರೂ ಕಣ್ಣು ಬಿಡ್ತಾರಾ?”

ಅದು ಸರಿಯಾದ ಜಾಗಕ್ಕೇ ಚುಚ್ಚಿತು. ಉತ್ತರವನ್ನು ಮಾವ ತಮ್ಮ ಸ್ಪೀಕರಿನಲ್ಲೇ ಕೇಳಲಿ ಎಂದು ಅಳಿಯ ಮೈಕಿಗೆ ಬಾಯಿಟ್ಟು ರೆಕಾರ್ಡ್ ಮಾಡಿದ: “ನಮ್ಮ ನಿರ್ದೇಶಕರಿಗೆ ಕಂಪ್ಯೂಟರ್ ಆನ್ ಮಾಡೋಕೂ ಇನ್ನೊಬ್ಬರು ಬೇಕು. ಆ ಕುರ್ಚೀಲಿ ಒಂದು ಮೂಟೆ ಇಟ್ರೂ ಕಚೇರಿ ನಡೆಯುತ್ತೆ. ನಡೆಸ್ತಿರೋನು ನಾನು.” ಅದನ್ನು ಆ ಕಡೆಗೆ ಕಳಿಸಿ, ನಿಲ್ಲದೆ ಮತ್ತೆ ಮತ್ತೆ ಹೇಳುತ್ತಿರುವಂತೆ ಆಜ್ಞೆ ಕೊಟ್ಟ.

“ಕೇಳಿಸ್ತಾ ಮಾವ?”

“ಇಲ್ಲಪ್ಪಾ.”

ಫೋನಿನಲ್ಲಿ ಪಿಸುಗುಟ್ಟಿದರೂ ಕೇಳಿಸುವ ಕಿವಿಗೆ ಇದು ಕೇಳಿಸುವುದಿಲ್ಲವೇ? ಮುದುಕರು ಬೇಕೆಂದೇ ಆಟ ಆಡಿಸುತ್ತಿದ್ದಾರೆ ಎಂಬುದರಲ್ಲಿ ಅಳಿಯನಿಗೆ ಸಂಶಯವೇ ಉಳಿಯಲಿಲ್ಲ. ಮೈ ಉರಿಯಿತು.

ಅಷ್ಟರಲ್ಲಿ ಇನ್ನೊಂದು ಕರೆ. ನಿರ್ದೇಶಕರು. ಮಾವನ ಕರೆ ಕತ್ತರಿಸಿ, ಎದ್ದು ನಿಂತು, ದನಿಗೆ ಬೆಣ್ಣೆ ಸವರಿಕೊಂಡ.

“ಹೇಳಿ ಸರ್, ಸಭೆ ಮುಗೀತಾ?”

“ಇನ್ನೂ ಇಲ್ಲ. ಸಭಾಂಗಣದಲ್ಲಿ ನಿಮ್ಮ ಮಾತು ಎಲ್ಲರಿಗೂ ಚೆನ್ನಾಗಿ ಕೇಳಿಸ್ತಾ ಇದೆ; ನನಗೆ ಇದನ್ನ ಆಫ್ ಮಾಡೋಕೆ ಬರಲ್ಲ ನೋಡಿ, ಸ್ವಲ್ಪ ಹೇಳಿಕೊಡ್ತೀರಾ?”