ಜಾವಳದ ಅದಿರು

ಕೂಸಿನ ಜಾವಳಕ್ಕೆ ಗಣಿ ಕಂಪನಿಯವರನ್ನೂ ಕರೆಯುವುದು ನಮ್ಮೂರ ಪದ್ಧತಿ. ಸೋದರಮಾವ ಕತ್ತರಿಸಿದ ಮೊದಲ ಕೂದಲು ಪಾಲುದಾರರ ತಟ್ಟೆಗಳಿಗೆ ಹೋಗಬೇಕು: ತಾಮ್ರದವರಿಗೊಂದು, ಸತುವಿನವರಿಗೊಂದು, ಬೆಳ್ಳಿಯವರಿಗೊಂದು. ಯಾರ ಕೂದಲಲ್ಲಿ ಲೋಹ ಹೆಚ್ಚೋ ಅವರ ಮನೆ ಕೆಡವಿ ನೆಲ ಕೊರೆಯುತ್ತಾರೆ.

ಮೂರು ವರ್ಷವಾದರೂ ಕಾಲೂರಿ ನಿಲ್ಲಲಾರದ ನನ್ನ ಮಗಳ ಕೂದಲಿಗೆ, ಲೋಹ ಪತ್ತೆ ಹಚ್ಚುವ ಯಂತ್ರದ ಕೆಂಪು ದೀಪ ಹತ್ತಿತು. ಕಂಪನಿಯ ಸರ್ವೇ ಸಾಹೇಬ ಹಲ್ಲು ಕಿರಿದ.

"ನಶೀಬ ಭಾರಿ ಐತ್ರಿ ಅಕ್ಕಾರ. ಮೂರೂ ಲೋಹ ಅದಾವ!"

ನನ್ನ ಮೈಯೆಲ್ಲ ಉರಿಯಿತು. "ಬಂದಾಗಿಂದ ನೀನೂ ನಮ್ಮೂರ ನೀರ ಕುಡಿಯಾಕ್ಹತ್ತೀಯಲ್ಲ? ಕೂಡು ಇಲ್ಲಿ!"

ನನ್ನಣ್ಣ ಅವನ ಹೆಗಲು ಅದುಮಿ ಮಗಳ ಮಣೆಯ ಮೇಲೆ ಕೂರಿಸಿದ. ಕತ್ತರಿ ನಾನೇ ಹಿಡಿದೆ. ಅವನ ಕೂದಲು ಬಿದ್ದೊಡನೆ ಯಂತ್ರದಲ್ಲಿ ಮತ್ತೆ ಕೆಂಪು ದೀಪ ಹತ್ತಿತು. ಸಾಹೇಬನ ಮುಖ ಬಿಳಿಚಿಕೊಂಡಿತು.

"ನಶೀಬ ಭಾರಿ ಐತ್ರಿ ಸಾಹೇಬ್ರ," ಎಂದೆ. "ಹೇಳ್ರಿ, ನಿಮ್ಮನ್ನ ಎಲ್ಲಿಂದ ಕೊರೀಲಿ?"