ಮುಂದೆ ಸಾಗಿದ ಊರು

ನೆಲ ಮುಳುಗಿದ ಮೇಲೆ ಕರಾವಳಿಯ ಊರುಗಳೆಲ್ಲ ತೆಪ್ಪಗಳ ಮೇಲೆ ನಿಂತಿದ್ದವು. ಗಾಳಿ ಬೀಸಿದತ್ತ ಸಾಗುತ್ತಿದ್ದವು, ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಹೆಣ ಸುಡಲು ಒಣನೆಲ ಉಳಿದದ್ದು ಘಟ್ಟದ ಮೇಲೆ ಮಾತ್ರ. ಗುಲಾಬಿ ಅಲ್ಲಿ ಗಂಡನನ್ನು ಸುಟ್ಟು, ಅತ್ತೆ ಸಿಂಗಾರಿಯೊಡನೆ ಪುಟ್ಟ ಹಾಯಿದೋಣಿ ಹತ್ತುವಷ್ಟರಲ್ಲಿ ಅವರ ಊರು ಬಡಗಣಕ್ಕೆ ಬಹುದೂರ ಹೋಗಿಬಿಟ್ಟಿತ್ತು.

ಅದನ್ನು ಬೆನ್ನಟ್ಟಿ ದಿನಗಳೇ ಕಳೆದಿದ್ದವು. ಚುಕ್ಕಾಣಿ ಹಿಡಿದ ಗುಲಾಬಿಗೆ ಅಳು ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಉಪ್ಪುನೀರು ಮುಖಕ್ಕೆ ಎರಚಿದರೆ ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದಳು.

ಮಧ್ಯಾಹ್ನ ಎದುರಿಗೆ ಒಂದು ಊರು ಕಂಡಿತು. ಅವರದಲ್ಲ, ಗುಲಾಬಿಯ ತವರು.

"ನೀನ್ ಇಲ್ಲೇ ಇಳಿ ಹೆಣ್ಣೇ," ಎಂದಳು ಸಿಂಗಾರಿ. "ಅಲ್ಲಿ ನಿಂಗ್ ಇನ್ ಯಾರ್ ಇದ್ರ್? ನಾನ್ ಹ್ಯಾಂಗಾರೂ ಹೋತೆ."

ಮುದುಕಿಗೆ ಹಾಯಿ ಎಳೆಯುವಷ್ಟೂ ಕಸುವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗುಲಾಬಿ ದೋಣಿಯನ್ನು ತವರಿನತ್ತ ಹೊರಳಿಸಿದಳು. ಸಿಂಗಾರಿ ಮುಖವನ್ನು ಆಚೆ ತಿರುಗಿಸಿ ಕೂತಳು.

ತೆಪ್ಪದ ಅಂಚಿನಿಂದ ಗುಲಾಬಿಯ ಅಣ್ಣ ಹಗ್ಗ ಎಸೆದ. ಅವಳು ಅದನ್ನು ಅತ್ತೆಯ ಸೊಂಟಕ್ಕೆ ಸುತ್ತಿ ಬಿಗಿದಳು.

"ಇದೆಂತ ಮಾಡುದ್ ನೀನ್? ಇದ್ ನನ್ನೂರಲ್ಲ!"

"ನಮ್ಮೂರ್ ನಮಗೆ ಕಾಯ್ಲಿಲ್ಲ ಅತ್ತೆ," ಎಂದಳು ಗುಲಾಬಿ. "ಹತ್ತಿ."

ಅಣ್ಣ ಮೇಲಿನಿಂದ ಎಳೆದ, ಅವಳು ಕೆಳಗಿನಿಂದ ದೂಡಿದಳು.

ಗುಲಾಬಿಯ ತಾಯಿ ಹಾಸಿದ ಚಾಪೆಯ ಮೇಲೆ ಕೂತು, ಮಗ ಸತ್ತ ಮೇಲೆ ಮೊದಲ ಸಲ ಸಿಂಗಾರಿ ಗಟ್ಟಿಯಾಗಿ ಅತ್ತಳು. ಗುಲಾಬಿ ಅವಳ ಮಗ್ಗುಲಲ್ಲೇ ಉರುಳಿ, ಆ ಅಳುವನ್ನು ಕೇಳುತ್ತ ಕೇಳುತ್ತ ನಿದ್ದೆಹೋದಳು.